ನಂಬಿಕೆಯ ಮಾತು ಬಂದರೆ ಬಾಯಿ ಒಣಗುವುದೇಕೆ?

ಸೋಮವಾರ ಬೆಳಿಗ್ಗೆ, ಮೈಸೂರಿನ ಯಾವುದಾದರೂ ಆಫೀಸಿನ ಕಾಫಿ ಹೊತ್ತು. "ನಿನ್ನೆ ಏನ್ ಮಾಡಿದ್ರಿ?" ಅನ್ನುವ ಮಾತು ಬಂದೇ ಬರುತ್ತದೆ. ಒಬ್ಬರು ಕೆಆರ್‌ಎಸ್‌ಗೆ ಹೋಗಿದ್ದೆ ಎನ್ನುತ್ತಾರೆ. ಇನ್ನೊಬ್ಬರು ನಂಜನಗೂಡಿಗೆ ಹೋಗಿ ದರ್ಶನ ಮಾಡಿಕೊಂಡು ಬಂದ್ವಿ ಎನ್ನುತ್ತಾರೆ, ಯಾವ ಸಂಕೋಚವೂ ಇಲ್ಲದೆ. ಅದೇ ಗುಂಪಿನಲ್ಲಿ ಬೆಳಿಗ್ಗೆ ಆರಾಧನೆ ಮುಗಿಸಿ, ಮಧ್ಯಾಹ್ನದವರೆಗೂ ಚರ್ಚ್‌ನಲ್ಲೇ ಇದ್ದವರೊಬ್ಬರು ಇರುತ್ತಾರೆ. ಅವರ ಬಾಯಲ್ಲಿ ಬರುವುದು: "ಏನಿಲ್ಲ, ಸುಮ್ನೆ ಮನೇಲಿದ್ದೆ."

ಸುಳ್ಳು ಹೇಳಬೇಕು ಅಂತ ಕೂತು ಯೋಚಿಸಿ ಹೇಳಿದ ಮಾತಲ್ಲ ಅದು. ನಾಲಿಗೆ ತಾನಾಗಿಯೇ ಆ ದಾರಿ ಹಿಡಿದಿರುತ್ತದೆ. ಅದಾದ ಮೇಲೆ ಮುಂದಿನ ಭಾನುವಾರ "ಸುವಾರ್ತೆ ಸಾರಿರಿ" ಅಂತ ಪ್ರಸಂಗ ಕೇಳುವಾಗ ಒಳಗೊಳಗೇ ಚುಚ್ಚುತ್ತದೆ. ನನಗೆ ವಿಶ್ವಾಸ ಕಡಿಮೆಯೇನೋ, ಧೈರ್ಯ ಇಲ್ಲವೇನೋ ಎಂಬ ಕೊರಗು ಶುರುವಾಗುತ್ತದೆ.

ನನ್ನ ಪ್ರಕಾರ ಈ ಕೊರಗಿನಲ್ಲಿ ಅರ್ಧ ಬೇಡದ್ದು. ನಂಬಿಕೆಯ ಬಗ್ಗೆ ಮಾತಾಡುವಾಗ ಬರುವ ಭಯ ಒಂದೇ ಭಯವಲ್ಲ. ಮೂರು ನಾಲ್ಕು ಬೇರೆ ಬೇರೆ ಭಯಗಳು ಹೆಣೆದುಕೊಂಡು ಒಂದೇ ಥರ ಕಾಣುತ್ತವೆ. ಅದರಲ್ಲಿ ಕೆಲವು ಬರೀ ಊಹೆ, ಅವನ್ನು ಬಿಡಬೇಕು. ಕೆಲವಕ್ಕೆ ಕಾರಣ ಇದೆ, ಅವುಗಳ ಮಾತು ಕೇಳಬೇಕು. ಎಲ್ಲವನ್ನೂ ಒಂದೇ ಗಂಟು ಮಾಡಿ "ಭಯ ಬಿಡಿ, ಧೈರ್ಯವಾಗಿ ಸಾರಿ" ಅಂದರೆ ಎರಡು ಥರದ ಜನ ತಯಾರಾಗುತ್ತಾರೆ. ಒಬ್ಬರು ಬಾಯೇ ಬಿಡದವರು, ಇನ್ನೊಬ್ಬರು ಎದುರಿನವರ ಮುಖ ನೋಡದೆ ಮಾತಾಡುತ್ತಲೇ ಇರುವವರು.

ಮೊದಲು ದೇಹದ ಲೆಕ್ಕ ನೋಡೋಣ. ಮಿದುಳಿನೊಳಗೆ ಅಮಿಗ್ಡಲಾ ಅನ್ನುವ ಸಣ್ಣ ಭಾಗವಿದೆ. ಅಪಾಯದ ಸುಳಿವು ಸಿಕ್ಕರೆ ಮೊದಲು ಎಚ್ಚರಿಸುವವುಗಳಲ್ಲಿ ಅದೂ ಒಂದು. ತಕ್ಷಣ ಅಡ್ರಿನಲಿನ್ ಹರಿಯುತ್ತದೆ, ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಎದುರಿಗೆ ಬಂದದ್ದು ಬಂಡೀಪುರದ ಆನೆಯೋ, ಪಕ್ಕದ ಟೇಬಲ್ಲಿನವರು ಮುಖ ಸಿಂಡರಿಸುತ್ತಾರೇನೋ ಅನ್ನುವ ಅನುಮಾನವೋ, ದೇಹ ಎರಡಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ಎದ್ದು ನಿಲ್ಲುತ್ತದೆ. ಗುಂಪಿನಿಂದ ಹೊರಗೆ ಬೀಳುವುದು ಮನುಷ್ಯನಿಗೆ ಯಾವ ಕಾಲದಲ್ಲೂ ಸಣ್ಣ ಸಂಗತಿಯಲ್ಲ. ಹಾಗಾಗಿ ಎದೆ ಬಡಿದುಕೊಂಡರೆ ಅದು ವಿಶ್ವಾಸದ ಕೊರತೆ ಅಲ್ಲ. ದೇಹ ತನ್ನ ಕೆಲಸ ಮಾಡಿದೆ, ಅಷ್ಟೇ.

ತೊಂದರೆ ಶುರುವಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ. "ಸುಮ್ನೆ ಮನೇಲಿದ್ದೆ" ಅಂದ ಕೂಡಲೇ ಎದೆ ಹಗುರಾಗುತ್ತದೆ. ಆ ಹಗುರವೇ ಬಹುಮಾನ. ತಪ್ಪಿಸಿಕೊಂಡರೆ ಆರಾಮ ಸಿಗುತ್ತದೆ ಅನ್ನುವುದನ್ನು ಮಿದುಳು ಕಲಿತುಬಿಡುತ್ತದೆ. ಮುಂದಿನ ಸಲ ಇನ್ನೂ ಬೇಗ ತಪ್ಪಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಭಯಕ್ಕೆ ಕಾರಣವೇ ಬೇಕಾಗುವುದಿಲ್ಲ, ಅಭ್ಯಾಸವೇ ಸಾಕು. ಭಯಕ್ಕೆ ಚಿಕಿತ್ಸೆ ಕೊಡುವವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಭಯದ ಸಂಗತಿಯ ಹತ್ತಿರಕ್ಕೆ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಹೋಗುವುದು, ಓಡಿಹೋಗದೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುವುದು. ಏರಿದ ಎದೆ ಬಡಿತ ತಾನಾಗಿ ಇಳಿಯುತ್ತದೆ. ಅಂದುಕೊಂಡ ಅನಾಹುತ ಆಗಲಿಲ್ಲ ಅನ್ನುವುದನ್ನು ದೇಹವೇ ಕಲಿಯುತ್ತದೆ. ಈ ಪಾಠ ಪುಸ್ತಕ ಓದಿದರೆ ಬರುವುದಿಲ್ಲ, ಪ್ರಸಂಗ ಕೇಳಿದರೂ ಬರುವುದಿಲ್ಲ. ಈ ಲೇಖನ ಓದಿದರೂ ಅಷ್ಟೇ!

ಇನ್ನು ಊಹೆಯ ವಿಷಯ. ಜನ ನಮ್ಮನ್ನೇ ನೋಡುತ್ತಿದ್ದಾರೆ, ನಮ್ಮ ಬಗ್ಗೆಯೇ ಮಾತಾಡಿಕೊಳ್ಳುತ್ತಾರೆ ಅಂತ ನಮಗೆಲ್ಲ ಅನಿಸುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ವಿದ್ಯಾರ್ಥಿಗಳಿಗೆ ನಾಚಿಕೆ ಆಗುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಆಮೇಲೆ "ಎಷ್ಟು ಜನ ಗಮನಿಸಿರಬಹುದು?" ಅಂತ ಕೇಳಿದರು. ಅರ್ಧದಷ್ಟು ಜನ ಅಂದರು ಇವರು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಜೊತೆಗಾರರು ಇನ್ನೊಂದು ವಿಷಯ ತೋರಿಸಿದರು. ಅಪರಿಚಿತರಿಬ್ಬರು ಮಾತಾಡಿ ಎದ್ದ ಮೇಲೆ, ಎದುರಿನವರಿಗೆ ತಾವು ಎಷ್ಟು ಇಷ್ಟವಾದೆವು ಅನ್ನುವುದನ್ನು ಇಬ್ಬರೂ ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ. ಮಾತು ಚೆನ್ನಾಗೇ ನಡೆದಿರುತ್ತದೆ, ಮನೆಗೆ ಹೋಗುವಾಗ ಮಾತ್ರ "ಛೇ, ಏನೇನೋ ಮಾತಾಡಿಬಿಟ್ಟೆ" ಅಂತ ಕೊರಗು. ಈ ಪ್ರಯೋಗಗಳಿಗೂ ಧರ್ಮಕ್ಕೂ ಸಂಬಂಧವಿಲ್ಲ. ಆದರೂ ನಮ್ಮ ಅರ್ಧ ಭಯ ಎಲ್ಲಿಂದ ಬರುತ್ತದೆ ಅನ್ನುವುದು ಇಲ್ಲಿ ಸಿಗುತ್ತದೆ.

ನಮ್ಮ ಕಡೆ ನಿಜವಾಗಿ ಏನಾಗುತ್ತದೆ? 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡಕ್ಕಿಂತ ಕಡಿಮೆ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ಇಡೀ ಊರಿಗೆ ಒಂದೇ ಮನೆ ಇರುವುದೂ ಉಂಟು. ಅಂಥ ಕಡೆ ಮನಸ್ಸು ಮೊದಲೇ ಜಗಳ ಕಲ್ಪಿಸಿಕೊಳ್ಳುತ್ತದೆ. ಯಾರೋ ಕೂಗಾಡುತ್ತಾರೆ, ಕಷ್ಟದ ಪ್ರಶ್ನೆ ಕೇಳಿ ಸೋಲಿಸುತ್ತಾರೆ ಅಂತ. ಬಹಳ ಸಲ ಬರುವ ಉತ್ತರವೇ ಬೇರೆ. "ಅದ್ಕೇನಂತೆ ಬುಡಿ ಅಕ್ಕ, ಎಲ್ಲಾ ದೇವ್ರೂ ಒಂದೇ ಅಲ್ವಾ?" ಅಂತ ನಗುತ್ತಾ ಹೇಳಿ, ಕಾಫಿ ಮುಂದಿಡುತ್ತಾರೆ.

ಜಗಳಕ್ಕೆ ತಯಾರಾಗಿ ಹೋದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಹೌದು ಅಂದರೆ ಮಾತು ಅಲ್ಲೇ ಮುಗಿಯಿತು, ತಾನು ನಂಬಿದ್ದನ್ನೂ ಹೇಳಿದಂತಾಗಲಿಲ್ಲ. ಇಲ್ಲ ಅಂದರೆ ಪ್ರೀತಿಯಿಂದ ಕಾಫಿ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ನನಗೆ ಕಂಡ ಹಾಗೆ ಇಲ್ಲಿ ವಾದ ಹೂಡುವುದು ದಂಡ. "ಎಲ್ಲಾ ಒಂದೇ" ಅನ್ನುವುದು ಈ ಕಡೆ ಸಿದ್ಧಾಂತ ಮಂಡಿಸುವ ಮಾತಲ್ಲ. ನಮ್ಮಿಬ್ಬರ ನಡುವೆ ಇದರಿಂದ ಏನೂ ಕೆಡುವುದು ಬೇಡ ಅಂತ ಚಾಚಿದ ಕೈ ಅದು. ಮೊದಲು ಆ ಕೈ ಹಿಡಿಯಬೇಕು. ಆಮೇಲೆ ತನ್ನದನ್ನು ಹೇಳಬೇಕು. "ನೀವು ಹೇಳೋದು ಅರ್ಥ ಆಗುತ್ತೆ ಅಣ್ಣ. ನಮ್ಮ ಸ್ನೇಹಕ್ಕೆ ಇದು ಯಾವತ್ತೂ ಅಡ್ಡ ಬರಲ್ಲ. ನಾನು ಯೇಸುಸ್ವಾಮಿನ ನಂಬಿರೋದು ಯಾಕೆ ಅಂದ್ರೆ, ಅಮ್ಮ ತೀರಿಕೊಂಡ ವರ್ಷ ನಾನು ನಿಂತ್ಕೊಂಡಿದ್ದು ಆ ಪ್ರಾರ್ಥನೆಯಿಂದಾನೇ. ಸತ್ತು ಎದ್ದು ಬಂದವರು ಅಂತ ನಂಬ್ತೀನಲ್ಲ, ಅದು ಆಗ ನನಗೆ ಬರೀ ಕಥೆ ಆಗಿರಲಿಲ್ಲ." ಇಷ್ಟೇ ಸಾಕು. ಇಲ್ಲಿ ಅವರ ದೇವರ ಬಗ್ಗೆ ಒಂದು ಅಕ್ಷರ ಇಲ್ಲ. ತನ್ನ ನಂಬಿಕೆಯನ್ನು ತೆಳು ಮಾಡಿದ್ದೂ ಇಲ್ಲ. ಆಮೇಲೆ "ನಿಮಗೆ ಹಾಗೆ ಕಷ್ಟ ಬಂದಾಗ ಏನು ಮಾಡ್ತೀರಿ?" ಅಂತ ಕೇಳಿ, ಅವರು ಹೇಳುವುದನ್ನು ನಿಜವಾಗಿಯೂ ಕೇಳಿಸಿಕೊಳ್ಳಬೇಕು. ಉತ್ತರಕ್ಕೆ ಉತ್ತರ ಹುಡುಕುತ್ತಾ ಕೂತರೆ ಕೇಳಿಸಿಕೊಂಡ ಹಾಗಲ್ಲ.

ನಂಬಿಕೆಯನ್ನು ಬಾಯಿಬಿಟ್ಟು ಹೇಳುವುದೇ ಈ ನೆಲಕ್ಕೆ ಹೊರಗಿನದು ಅನ್ನುವ ಅಳುಕು ಹಲವರಿಗಿದೆ. ಹಾಗೇನಿಲ್ಲ. ಮಂಡ್ಯ ಜಿಲ್ಲೆಯ ಮೇಲುಕೋಟೆಯನ್ನೇ ತೆಗೆದುಕೊಳ್ಳಿ. 12ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಗುಟ್ಟಾಗಿ ಇಟ್ಟುಕೋ ಅಂತ ಗುರು ಕೊಟ್ಟ ಮಂತ್ರವನ್ನು ತಿರುಕ್ಕೋಷ್ಟಿಯೂರಿನ ಗೋಪುರ ಹತ್ತಿ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದರಂತೆ. ನನಗೆ ನರಕ ಬಂದರೂ ಸರಿ, ಇವರೆಲ್ಲ ಉಳಿಯಲಿ ಅಂದರಂತೆ. ಶರಣರು ವಚನ ಹೇಳಿದ್ದು, ದಾಸರು ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದ್ದು ಯಾತಕ್ಕೆ? ತಾವು ಕಂಡದ್ದು ಬೇರೆಯವರಿಗೂ ಸಿಗಲಿ ಅಂತಲೇ ಅಲ್ವಾ? ದೇವರ ಮಾತು ಕೇಳುವುದು ಇಲ್ಲಿನವರಿಗೆ ಹೊಸದಲ್ಲ. ಅವರಿಗೆ ನೋವಾಗುವುದು ತಮ್ಮ ಮನೆಯ ಪೂಜೆಯನ್ನು ಹೀಯಾಳಿಸಿದಾಗ. ಕೆ.ಆರ್. ನಗರದ ಕಡೆ ದೋರನಹಳ್ಳಿಯ ಸಂತ ಅಂತೋಣಿಯವರ ಬಸಿಲಿಕಾಕ್ಕೆ ಮಂಗಳವಾರ ಬರುವವರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು ಜನ. ಮೈಸೂರಿನ ಸಂತ ಫಿಲೋಮಿನಾ ಚರ್ಚ್‌ಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಬಾಗಿಲು ಮುಚ್ಚಿದ ಊರಲ್ಲ ಇದು.

ಬೈಬಲ್ಲಿನಲ್ಲಿ ಈ ಭಯದ ಬಗ್ಗೆ ಏನಿದೆ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಮುಚ್ಚುಮರೆಯೇ ಇಲ್ಲ. ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ಸುತ್ತಿದ ಪೌಲ, ಗ್ರೀಸಿನ ಕೊರಿಂಥಕ್ಕೆ ಬಂದಾಗ ತಾನು ಬಲಹೀನನಾಗಿಯೂ ಭಯದಿಂದ ನಡುಗುತ್ತಲೂ ಇದ್ದೆ ಅಂತ ಅದೇ ಊರಿನವರಿಗೆ ಕಾಗದ ಬರೆಯುತ್ತಾನೆ. ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ, ಅದೇ ಕೊರಿಂಥದಲ್ಲಿ, ಹೆದರಬೇಡ, ಮಾತಾಡು, ಸುಮ್ಮನಿರಬೇಡ ಎಂಬ ದರ್ಶನ ಅವನಿಗೆ ಆಗುತ್ತದೆ. ಹೆದರದವನಿಗೆ ಯಾರಾದರೂ ಹೆದರಬೇಡ ಅನ್ನುತ್ತಾರಾ? ಆಮೇಲೆ ಅವನು ಅಲ್ಲಿ ಒಂದೂವರೆ ವರ್ಷ ಇದ್ದ.

ನಿಕೊದೇಮನದು ನನಗೆ ಇನ್ನೂ ಇಷ್ಟ. ಯೋಹಾನನ ಸುವಾರ್ತೆಯಲ್ಲಿ ಅವನು ಮೂರು ಸಲ ಬರುತ್ತಾನೆ. ಮೊದಲನೇ ಸಲ ರಾತ್ರಿ ಹೊತ್ತು, ಯೇಸುವಿನ ಹತ್ತಿರ. ಅವನು ಯೆಹೂದ್ಯರ ದೊಡ್ಡ ಮನುಷ್ಯ, ಹೆಸರು ಹಾಳಾಗುವ ಭಯ ಇದ್ದಿರಲೇಬೇಕು. ಎರಡನೇ ಸಲ, ಹಿರಿಯರ ಸಭೆಯಲ್ಲಿ, ಒಬ್ಬ ಮನುಷ್ಯನ ಮಾತು ಕೇಳದೆ ತೀರ್ಪು ಕೊಡುವುದು ಸರಿಯಾ ಅಂತ ಒಂದೇ ಪ್ರಶ್ನೆ ಕೇಳುತ್ತಾನೆ. ನಾನು ಯೇಸುವಿನ ಕಡೆಯವನು ಅಂತ ಹೇಳುವುದಿಲ್ಲ. ಅಷ್ಟಕ್ಕೇ ಬೈಸಿಕೊಳ್ಳುತ್ತಾನೆ. ಮೂರನೇ ಸಲ, ಶಿಷ್ಯರು ಹೆಚ್ಚಿನವರು ಓಡಿಹೋದ ಮೇಲೆ, ಸುಗಂಧದ್ರವ್ಯದ ಹೊರೆ ಹೊತ್ತು ಶಿಲುಬೆಯಿಂದ ಇಳಿಸಿದ ದೇಹವನ್ನು ಹೂಳುವುದಕ್ಕೆ ಬರುತ್ತಾನೆ. ಮೊದಲ ರಾತ್ರಿಗೂ ಈ ಸಂಜೆಗೂ ನಡುವೆ ಅವನು ದೊಡ್ಡ ಭಾಷಣ ಮಾಡಿದ ಸುದ್ದಿ ಎಲ್ಲೂ ಇಲ್ಲ. ಭಯ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಇಳಿಯುತ್ತದೆ ಅಂತ ಮೇಲೆ ಹೇಳಿದೆನಲ್ಲ, ಅದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಯೇಸುವಿನ ಶಿಷ್ಯ ಪೇತ್ರನ ವಿಷಯ ಎಲ್ಲರಿಗೂ ಗೊತ್ತು. ಯೇಸುವನ್ನು ಹಿಡಿದ ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದಾಗ ಮನೆಗೆಲಸದ ಹುಡುಗಿಯೊಬ್ಬಳು ನೀನೂ ಅವನ ಜೊತೆಯವನಲ್ಲವಾ ಅಂದದ್ದಕ್ಕೆ ಅಲ್ಲವೇ ಅಲ್ಲ ಅಂದುಬಿಟ್ಟ. ನಮ್ಮ ಸೋಮವಾರದ ಕಾಫಿಗೂ ಆ ಬೆಂಕಿಗೂ ದೂರ ಜಾಸ್ತಿಯಿಲ್ಲ. ಆಮೇಲೆ ಪಂಚಾಶತ್ತಮ (ಪೆಂಟೆಕೋಸ್ಟ್) ಹಬ್ಬದ ದಿನ ಸಾವಿರಾರು ಜನರ ಮುಂದೆ ನಿಂತು ಮಾತಾಡಿದವನೂ ಅವನೇ. ಅಲ್ಲಿಗೆ ಅವನ ಭಯ ಪೂರ್ತಿ ಹೋಯಿತು ಅಂತ ಸಾಮಾನ್ಯವಾಗಿ ಕಥೆ ಮುಗಿಸುತ್ತಾರೆ. ಆದರೆ ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯ ತೆರೆದು ನೋಡಿ. ವರ್ಷಗಳ ನಂತರ ಅಂತಿಯೋಕ್ಯದಲ್ಲಿ, ಬೇರೆ ಜನಾಂಗದವರ ಜೊತೆ ಕೂತು ಉಣ್ಣುತ್ತಿದ್ದವನು, ತನ್ನವರು ಬಂದಾಗ ಹೆದರಿ ಪಂಕ್ತಿಯಿಂದ ಹಿಂದೆ ಸರಿದ. ಪಂಕ್ತಿಯ ಭಯ! ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋದ ಭಯ ಮತ್ತೆ ಬರುತ್ತದೆ. ಬಂದರೆ ಎಲ್ಲ ಕೆಟ್ಟಿತು ಅಂತಲ್ಲ. ಅದೇ ಪೇತ್ರನ ಹೆಸರಿನ ಮೊದಲ ಪತ್ರದಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧವಾಗಿರಿ, ಆದರೆ ಮೆತ್ತಗೆ, ಮರ್ಯಾದೆಯಿಂದ ಹೇಳಿ ಅನ್ನುವ ಮಾತಿದೆ. ಕೇಳುವವರಿಗೆ ಅಂತ ಇದೆ, ಗಮನಿಸಿ. ಬಸ್ಸಿನಲ್ಲಿ ಪಕ್ಕ ಕೂತವರ ಕೈಗೆ ಕರಪತ್ರ ತುರುಕಿ ಅಂತ ಇಲ್ಲ.

ಇಲ್ಲಿಂದ ಬೇರೆ ಥರದ ಭಯಕ್ಕೆ ಬರೋಣ. ಬಿಡಬಾರದ ಭಯ. ಆಸ್ಪತ್ರೆಯ ವಾರ್ಡಿನಲ್ಲಿ ನೋವಿನಿಂದ ಮಲಗಿದವರ ಮುಂದೆ, ಕೈಕೆಳಗೆ ಕೆಲಸ ಮಾಡುವ ಹುಡುಗನ ಮುಂದೆ, ಟ್ಯೂಷನ್ನಿಗೆ ಬರುವ ಮಕ್ಕಳ ಮುಂದೆ, ಮನೆಗೆಲಸಕ್ಕೆ ಬರುವ ಅಮ್ಮನ ಮುಂದೆ ನಂಬಿಕೆಯ ಮಾತೆತ್ತುವಾಗ ಒಳಗೆ ಏನೋ ತಡೆದರೆ, ಆ ತಡೆಯ ಮಾತು ಕೇಳಿ. ಅವರಿಗೆ ಬೇಡ ಅನ್ನುವ ಸ್ವಾತಂತ್ರ್ಯ ಕಡಿಮೆ. ಸಂಬಳ ಕೊಡುವವರು, ಪಾಠ ಹೇಳುವವರು, ಇಂಜೆಕ್ಷನ್ ಚುಚ್ಚುವವರು ಹೇಳಿದರೆ ಸುಮ್ಮನೆ ತಲೆಯಾಡಿಸುತ್ತಾರೆ. ಅದು ಒಪ್ಪಿಗೆಯಲ್ಲ. ಬೇರೆಯವರ ಮಕ್ಕಳನ್ನು ರಜೆಯ ಬೈಬಲ್ ಶಾಲೆಗೆ ಕರೆಯುವುದಾದರೆ ಮೊದಲು ಅವರ ಅಪ್ಪ ಅಮ್ಮನನ್ನು ಕೇಳಬೇಕು. "ನಮ್ಮ ಸಭೆಗೆ ಬಂದರೆ ಕಾಯಿಲೆ ವಾಸಿಯಾಗುತ್ತೆ" ಅಂತ ಭರವಸೆ ಕೊಡುವುದಂತೂ ಬೇಡವೇ ಬೇಡ. ವಾಸಿಯಾಗದಿದ್ದರೆ ಆ ಮನುಷ್ಯನಿಗೆ ಕಾಯಿಲೆಯ ಜೊತೆಗೆ ಅಪರಾಧಿ ಭಾವವನ್ನೂ ಕೊಟ್ಟ ಹಾಗಾಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಿಂದ ಇದೆ. ಅಂಥ ಕಡೆ ಸೇವೆಯೇ ಮಾತು. ಅದಕ್ಕೆ ಷರತ್ತು ಸೇರಿದರೆ ಸೇವೆಯೂ ಕೆಡುತ್ತದೆ, ಮಾತೂ ಕೆಡುತ್ತದೆ.

ಫಲ ತೋರಿಸಬೇಕು ಅನ್ನುವ ಒತ್ತಡವೇ ಎಷ್ಟೋ ಸಲ ಈ ತಪ್ಪುಗಳಿಗೆ ಕಾರಣ, ಭಯಕ್ಕೂ ಅದೇ ಕಾರಣ. ಒಂದೇ ಮಾತಿನಲ್ಲಿ ಎದುರಿನವರನ್ನು ಒಪ್ಪಿಸಲೇಬೇಕು ಅಂದುಕೊಂಡು ಕೂತರೆ ಯಾರಿಗಾದರೂ ಕೈ ನಡುಗುತ್ತದೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಕಡೆಯವರಿಗೆ ಅಬ್ಬೆ ದುಬಾಯ್ ಹೆಸರು ಗೊತ್ತಿರುತ್ತದೆ. ಫ್ರಾನ್ಸಿನ ಪಾದ್ರಿ, 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದರು. ಇಲ್ಲಿಯವರ ಥರವೇ ಬಟ್ಟೆ ಉಟ್ಟು, ಇಲ್ಲಿಯ ಊಟ ಉಂಡು ಬದುಕಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆದರು. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ಊರೂರು ತಿರುಗಿದರು. 1823ರಲ್ಲಿ ಅವರು ದೇಶ ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ ಒಂದು ಕಹಿ ಲೆಕ್ಕ ಇದೆ. ಅಷ್ಟೂ ವರ್ಷದಲ್ಲಿ ಕ್ರೈಸ್ತರಾದವರು ಇನ್ನೂರು ಮುನ್ನೂರು ಜನ ಮಾತ್ರ, ಅವರಲ್ಲೂ ಹೆಚ್ಚಿನವರು ಮನಸ್ಸಿನಿಂದ ಬಂದವರಲ್ಲ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಬೇರೆ ಮಿಷನರಿಗಳು ಆಗಲೇ ಅವರಿಗೆ ಬಲವಾಗಿ ಉತ್ತರ ಬರೆದರು. ನನಗೂ ಅವರ ತೀರ್ಮಾನ ಒಪ್ಪಿಗೆಯಿಲ್ಲ. ಇಲ್ಲಿನ ಜನರ ಬಗ್ಗೆ ಅವರು ಬರೆದ ಕೆಲವು ಮಾತುಗಳಂತೂ ಸಹಿಸುವಂಥವಲ್ಲ. ಆದರೆ ಒಂದು ಸಂಗತಿ ಉಳಿಯುತ್ತದೆ. ಮೂವತ್ತು ವರ್ಷ ಇದ್ದವರಿಗೂ ಫಲ ಕೈಗೆ ಸಿಗಲಿಲ್ಲ. ಒಂದು ಕಾಫಿ ಹೊತ್ತಿನಲ್ಲಿ ನಮಗೆ ಸಿಗಬೇಕು ಅಂತ ಯಾಕೆ?

ಕಾನೂನಿನ ಭಯವನ್ನು ಬೇರೆಯಾಗಿ ನೋಡಬೇಕು, ಏಕೆಂದರೆ ಇಲ್ಲಿ ಊಹೆ ಜಾಸ್ತಿ, ತಿಳಿವಳಿಕೆ ಕಡಿಮೆ. ಸಂವಿಧಾನದ 25ನೇ ವಿಧಿ ಪ್ರತಿಯೊಬ್ಬರಿಗೂ ತನ್ನ ಧರ್ಮವನ್ನು ಒಪ್ಪಿ ಹೇಳಿಕೊಳ್ಳುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಬರಬಾರದು ಅನ್ನುವ ಮಿತಿಯೂ ಅದರಲ್ಲೇ ಇದೆ. ಪ್ರಚಾರದ ಹಕ್ಕು ಇರಬೇಕಾ ಬೇಡವಾ ಅಂತ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಬಿಸಿ ಬಿಸಿ ಚರ್ಚೆ ನಡೆದು, ಕೊನೆಗೆ ಉಳಿಸಿಕೊಂಡರು. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ತನ್ನ ಧರ್ಮದ ತತ್ವ ವಿವರಿಸಿ ಹೇಳುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅಂತ ಒಂದಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಬಲವಂತ, ವಂಚನೆ, ಆಮಿಷ, ಅನುಚಿತ ಪ್ರಭಾವ, ಮದುವೆಯ ಭರವಸೆಯಿಂದ ನಡೆಯುವ ಮತಾಂತರವನ್ನು ಅಪರಾಧ ಅಂತ ಮಾಡಿತು. ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕು ಅನ್ನುವ ನಿಯಮವನ್ನೂ ತಂದಿತು. ಆಮಿಷದ ಪಟ್ಟಿಯಲ್ಲಿ ಉಡುಗೊರೆ, ಹಣ, ಕೆಲಸ, ಉಚಿತ ಶಿಕ್ಷಣ ಎಲ್ಲ ಬರುತ್ತವೆ. 2023ರ ಜೂನ್‌ನಲ್ಲಿ ಆಗಿನ ರಾಜ್ಯ ಸಚಿವ ಸಂಪುಟ ಇದನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ಸಂಪುಟದ ತೀರ್ಮಾನವೇ ಬೇರೆ, ಶಾಸನಸಭೆಯಲ್ಲಿ ರದ್ದಾಗುವುದೇ ಬೇರೆ. ಯಾರಾದರೂ ನಿಜವಾಗಿ ದೀಕ್ಷಾಸ್ನಾನದ, ಅಂದರೆ ಕ್ರೈಸ್ತರಾಗುವ ಸಂಸ್ಕಾರದ, ಮಾತೆತ್ತಿದರೆ ವಾಟ್ಸ್ಆ್ಯಪ್ ನಂಬಬೇಡಿ, ಒಬ್ಬ ವಕೀಲರನ್ನು ಕೇಳಿ. ಇನ್ನೊಬ್ಬರ ಧರ್ಮವನ್ನು ದುರುದ್ದೇಶದಿಂದ ಅವಮಾನಿಸುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಪ್ರಕಾರ ಅಪರಾಧ. ಅದು ಎಲ್ಲರಿಗೂ ಅನ್ವಯಿಸುತ್ತದೆ, ನಮಗೂ.

ಇಷ್ಟೆಲ್ಲ ನೋಡಿದ ಮೇಲೆ ಕಾಣುವುದೇನು? ಸ್ನೇಹಿತರು ಕೇಳಿದಾಗ "ನಾನು ಇಂಥದ್ದನ್ನು ನಂಬಿದ್ದೇನೆ, ಯಾಕೆಂದರೆ" ಅಂತ ಹೇಳುವುದು ಕಾನೂನಿನ ಸಮಸ್ಯೆಯೇ ಅಲ್ಲ. ಹಾಗಂತ ಎಲ್ಲ ಕಡೆ ಅಪಾಯ ಇಲ್ಲ ಅನ್ನುವುದೂ ಸುಳ್ಳಾಗುತ್ತದೆ. ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದ ಮನೆಗೆ ಒಬ್ಬರೇ ಹೋಗುವುದು ಬೇಡ. ಗುಂಪು ಕಟ್ಟಿಕೊಂಡು ಯಾರಾದರೂ ಕೂಗಾಡಲು ಬಂದರೆ ಅದು ವೇದಾಂತ ಮಾತಾಡುವ ಸಮಯವಲ್ಲ. ವಾದ ಬಿಟ್ಟು ಅಲ್ಲಿಂದ ಸರಿಯಬೇಕು, 112ಕ್ಕೆ ಫೋನ್ ಮಾಡಬೇಕು, ಸಭೆಯ ಹಿರಿಯರಿಗೆ ತಿಳಿಸಬೇಕು. ಪೌಲನನ್ನೇ ದಮಸ್ಕದಲ್ಲಿ ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿ ಕಳಿಸಿದರು. ಓಡಿಹೋಗುವುದೂ ಬೈಬಲ್ಲಿನಲ್ಲಿದೆ!

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನನ್ನ ಸಲಹೆ, ಸೋಮವಾರದ ಕಾಫಿಯಿಂದ. "ಚರ್ಚ್‌ಗೆ ಹೋಗಿದ್ದೆ" ಅನ್ನುವ ಒಂದು ಮಾತು. ಅದರ ಹಿಂದೆ ಬೈಬಲ್ ವಚನ ಬೇಡ, ಆಹ್ವಾನ ಬೇಡ. ಹೇಳಿ, ಅಲ್ಲೇ ನಿಂತು ಕಾಫಿ ಕುಡಿಯಿರಿ. ಎದೆ ಸ್ವಲ್ಪ ಬಡಿದುಕೊಳ್ಳಬಹುದು, ಬಡಿದುಕೊಳ್ಳಲಿ. ಹೆಚ್ಚಿನ ಸಲ "ಓ ಹೌದಾ" ಅಂದು ಮಾತು ಟ್ರಾಫಿಕ್‌ಗೆ ತಿರುಗುತ್ತದೆ. ಅದು ರೂಢಿಯಾದ ಮೇಲೆ, ಪ್ರಸಂಗದಲ್ಲಿ ಮನಸ್ಸಿಗೆ ತಟ್ಟಿದ್ದು ಏನಾದರೂ ಇದ್ದರೆ ಒಂದು ವಾಕ್ಯ ಸೇರಿಸಬಹುದು. ಆಮೇಲೆ, ಯಾರಾದರೂ ಮನೆಯ ಕಷ್ಟ ಹೇಳಿಕೊಂಡಾಗ "ನಿಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ಲಾ?" ಅಂತ ಕೇಳಬಹುದು. ಈ ಕಡೆ ಇದಕ್ಕೆ ಬೇಡ ಅಂದವರನ್ನು ನಾನು ಕಂಡದ್ದು ಕಡಿಮೆ. "ಮಾಡಿ ಮಾಡಿ, ಯಾರ ಬಾಯಲ್ಲಿ ಯಾವ ಹರಕೆಯೋ" ಅಂತಾರೆ. ಮಾಡುತ್ತೇನೆ ಅಂದರೆ ಮಾಡಲೇಬೇಕು. ವಾರ ಬಿಟ್ಟು "ಅಪ್ಪ ಹೇಗಿದ್ದಾರೆ?" ಅಂತ ವಿಚಾರಿಸಲೂ ಬೇಕು.

ಆಷಾಢ ಶುಕ್ರವಾರ ಬಂತೆಂದರೆ ಮೈಸೂರಿನಲ್ಲಿ ಇನ್ನೊಂದು ಪರೀಕ್ಷೆ. ಸಹೋದ್ಯೋಗಿ ಬೆಳಗಿನ ಜಾವವೇ ಚಾಮುಂಡಿ ಬೆಟ್ಟ ಹತ್ತಿ ಬಂದು, ಡಬ್ಬಿ ಮುಚ್ಚಳ ತೆಗೆದು ಪ್ರಸಾದ ನೀಡುತ್ತಾರೆ. ಇದರ ಬಗ್ಗೆ ಕ್ರೈಸ್ತರಲ್ಲೇ ಒಂದೇ ಅಭಿಪ್ರಾಯವಿಲ್ಲ. ಕೆಲವರು ಪ್ರೀತಿಯಿಂದ ಕೊಟ್ಟಿದ್ದು ಅಂತ ತೆಗೆದುಕೊಳ್ಳುತ್ತಾರೆ, ಕೆಲವರು ತೆಗೆದುಕೊಳ್ಳುವುದಿಲ್ಲ. ಪೌಲನ ಕಾಲದ ಕೊರಿಂಥದಲ್ಲೂ ಇದೇ ಗೊಂದಲ, ಅವನು ಅದರ ಬಗ್ಗೆ ಉದ್ದಕ್ಕೆ ಬರೆದಿದ್ದಾನೆ. ನಾನು ಇಲ್ಲಿ ತೀರ್ಪು ಕೊಡಲು ಹೋಗುವುದಿಲ್ಲ. ಕೆಟ್ಟದ್ದು ಅಂದರೆ ಕಾರಣ ಹೇಳದೆ ಕೈ ಅಡ್ಡ ಹಿಡಿಯುವುದು, ಅಥವಾ "ಶುಗರ್ ಇದೆ" ಅಂತ ನೆಪ ಹೇಳುವುದು. ಮುಂದಿನ ವಾರ ಕ್ಯಾಂಟೀನಿನಲ್ಲಿ ಮೈಸೂರು ಪಾಕ್ ತಿನ್ನುವಾಗ ಸಿಕ್ಕಿಬೀಳುತ್ತೀರಿ. ಬೇಡ ಅನ್ನುವುದಾದರೆ ಕೈ ಮುಗಿದು, "ಅಕ್ಕಾ, ಅಷ್ಟು ಜನದ ನಡುವೆ ನನ್ನನ್ನ ನೆನೆಸಿಕೊಂಡು ತಂದ್ರಲ್ಲ, ಅದೇ ಖುಷಿ. ನಾನು ನಂಬಿರೋದಕ್ಕೆ ಇದನ್ನ ತಗೊಳ್ಳಲ್ಲ, ತಪ್ಪು ತಿಳ್ಕೋಬೇಡಿ" ಅನ್ನಿ. ಕೆಲವರಿಗೆ ಬೇಜಾರಾಗುತ್ತದೆ, ಅದನ್ನು ತಡೆದುಕೊಳ್ಳಬೇಕು. ಕೆಲವರು "ಅದ್ಯಾಕೆ ಹಾಗೆ? ಹೇಳಿ ಕೇಳೋಣ" ಅಂತ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಮನೆಯಲ್ಲಿ ಮಾತಾಡಲು ಡಿಸೆಂಬರ್‌ಗಿಂತ ಒಳ್ಳೆಯ ಸಮಯ ಇಲ್ಲ. ದಸರೆಯಲ್ಲಿ ಮೈಸೂರಿನ ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ. ನೋಡಲು ಬಂದ ಮಕ್ಕಳು ಇದ್ಯಾರು, ಅದ್ಯಾರು ಅಂತ ಕೇಳುತ್ತಾರೆ, ಮನೆಯ ಅಜ್ಜಿ ಒಂದೊಂದೇ ಕಥೆ ಹೇಳುತ್ತಾರೆ. ಕ್ರಿಸ್ಮಸ್ ಗೋದಲಿಯೂ ಹಾಗೆಯೇ. ಹುಲ್ಲು, ಕುರಿ, ತೊಟ್ಟಿಲಿನ ಬದಲು ಮೇವಿನ ತೊಟ್ಟಿ. "ಅಷ್ಟು ದೊಡ್ಡ ದೇವರು ಅಂತೀರಿ, ದನದ ಕೊಟ್ಟಿಗೇಲಿ ಯಾಕೆ ಹುಟ್ಟಿದ್ರು ಆಂಟಿ?" ಅಂತ ಪಕ್ಕದ ಮನೆ ಹುಡುಗಿ ಅವಳ ಅಮ್ಮನ ಮುಂದೆಯೇ ಕೇಳುತ್ತಾಳೆ. ಉತ್ತರ ಹೇಳಲು ಧೈರ್ಯ ಬೇಕಾ? ಕಥೆ ಗೊತ್ತಿದ್ದರೆ ಸಾಕು. ಕೇಕು, ಕಜ್ಜಾಯದ ತಟ್ಟೆಯನ್ನು ಪಕ್ಕದ ಮನೆಗೆ ಹೇಗೂ ಕೊಡುತ್ತೇವೆ, ಖಾಲಿ ತಟ್ಟೆ ವಾಪಸ್ ಬರುವುದಿಲ್ಲ ಅನ್ನುವುದೂ ಗೊತ್ತು. ಹೋಗಿ ಬರುವ ಈ ರೂಢಿಯೊಳಗೆ ಮಾತೂ ಹೋಗಿ ಬರಲಿ. ಪ್ರಸಂಗಪೀಠದ ಕನ್ನಡ ಮಾತ್ರ ಬೇಡ. ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದರಾಯಿತು.

ಗೊತ್ತಿಲ್ಲದ ಪ್ರಶ್ನೆ ಬಂದರೆ? ಒಳ್ಳೆಯವರಿಗೆ ಯಾಕೆ ಕಷ್ಟ, ಬೇರೆಯವರೆಲ್ಲ ನರಕಕ್ಕೆ ಹೋಗುತ್ತಾರಾ, ಮಿಷನರಿಗಳು ಬ್ರಿಟಿಷರ ಜೊತೆ ಬಂದವರಲ್ಲವಾ? ಇವೆಲ್ಲ ಗಟ್ಟಿ ಪ್ರಶ್ನೆಗಳು. ದೊಡ್ಡ ದೊಡ್ಡ ಪಂಡಿತರು ಪುಸ್ತಕಗಟ್ಟಲೆ ಬರೆದಿದ್ದಾರೆ. "ಗೊತ್ತಿಲ್ಲ, ನಾನೂ ಇದನ್ನ ಯೋಚಿಸ್ತಿದ್ದೀನಿ" ಅಂದರೆ ಮಾನ ಹೋಗುವುದಿಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದ ಹುಟ್ಟುಕುರುಡನನ್ನು ಪಂಡಿತರು ಕೂರಿಸಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದಾಗ ಅವನು ಹೇಳಿದ್ದು ಅದೇ: ಅದು ನನಗೆ ಗೊತ್ತಿಲ್ಲ, ನಾನು ಕುರುಡನಾಗಿದ್ದೆ, ಈಗ ಕಣ್ಣು ಕಾಣುತ್ತದೆ, ಇಷ್ಟು ಗೊತ್ತು.

ಒಂದು ವೇಳೆ ಸ್ನೇಹಿತರೇ "ಇದರ ಬಗ್ಗೆ ಓದೋದಕ್ಕೆ ಏನಾದ್ರೂ ಇದ್ರೆ ಕೊಡಿ" ಅಂದರೆ, ಇಡೀ ಬೈಬಲ್ ಹೊರಿಸಬೇಡಿ. ಮಾರ್ಕನ ಸುವಾರ್ತೆ ಸಾಕು. ಹದಿನಾರೇ ಅಧ್ಯಾಯ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಕೊಟ್ಟ ಮೇಲೆ ದಿನಾ "ಓದಿದ್ರಾ, ಓದಿದ್ರಾ" ಅಂತ ಬೆನ್ನು ಹತ್ತುವುದೂ ಬೇಡ. ಪ್ರಶ್ನೆ ಇದ್ದರೆ ಅವರೇ ತರುತ್ತಾರೆ. ಇಲ್ಲದಿದ್ದರೆ ಮೊದಲಿನ ಹಾಗೇ ಕಬ್ಬಿನ ರೇಟು, ಮಗಳ ಸಿಇಟಿ ರ‍್ಯಾಂಕು, ಕಾವೇರಿ ನೀರಿನ ಬಗ್ಗೆ ಮಾತಾಡಿಕೊಂಡಿರಿ.